ಕರುಳಿನ ಆರೋಗ್ಯಕ್ಕಾಗಿ ಊಟ ಬದಲಿಸಿಕೊಳ್ಳುವ ಕ್ರಮ: ಬೆಂಗಳೂರಿನ ಅಡುಗೆಮನೆಗೊಂದು ಮಾರ್ಗದರ್ಶಿ

ಬೆಂಗಳೂರಿನ ದೊಡ್ಡ ದಿನಸಿ ಅಂಗಡಿಗಳ ಫ್ರಿಜ್‌ಗಳಲ್ಲಿ ಈಗ ಮೊಸರು, ಮಜ್ಜಿಗೆಯ ಪಕ್ಕದಲ್ಲೇ ಕೊಂಬುಚಾ (ಹುದುಗಿಸಿದ ಚಹಾ), ಕೆಫೀರ್ (ಹುದುಗಿಸಿದ ಹಾಲು) ಮತ್ತು ಜೀವಂತ ಸೂಕ್ಷ್ಮಾಣುಗಳನ್ನು ಬೆರೆಸಿದ ಪ್ರೋಬಯಾಟಿಕ್ ಪಾನೀಯಗಳು ಕಾಣಸಿಗುತ್ತವೆ. ಔಷಧದಂಗಡಿಯಲ್ಲಿ ಅದೇ ಹೆಸರಿನ ಪುಡಿ, ಮಾತ್ರೆಗಳಿವೆ. ಮನೆಗೇ ಡಬ್ಬಿ ಕಳುಹಿಸಿ, ಮಲದ ಮಾದರಿ ತರಿಸಿಕೊಂಡು, ಕರುಳಿನ ಸೂಕ್ಷ್ಮಾಣುಗಳ ವರದಿ ಕೊಡುವ ಸೇವೆಗಳೂ ಇವೆ. ಜನ ತಮ್ಮ ಹೊಟ್ಟೆಯ ಬಗ್ಗೆ ವಿಚಾರ ಮಾಡತೊಡಗಿರುವುದು ಒಳ್ಳೆಯದೇ. ಆದರೆ ಹಣ ಮತ್ತು ಶ್ರಮವನ್ನು ತೊಡಗಿಸುವ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಮೊದಲು ತಟ್ಟೆಯಲ್ಲಿ ನಾರಿನಂಶ ಹೆಚ್ಚಬೇಕು, ಅನಂತರ ದಿನಕ್ಕೊಂದು ತಾಜಾ ಹುದುಗಿದ ಆಹಾರ ಸೇರಬೇಕು. ಬಾಟಲಿ ಮತ್ತು ಪರೀಕ್ಷೆಗಳ ಸರದಿ ಬರುವುದು ಕಟ್ಟಕಡೆಗೆ, ಅದೂ ಅಗತ್ಯವಿದ್ದರೆ ಮಾತ್ರ.

ಈ ಕ್ರಮಕ್ಕೆ ಕಾರಣವಿದೆ. ನಮ್ಮ ದೇಹದಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಅಂದಾಜಿಸಿದೆ. ಅವುಗಳಲ್ಲಿ ಬಹುಪಾಲು ವಾಸಿಸುವುದು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಿಕೊಳ್ಳಲಾಗದ ನಾರು ಅಲ್ಲಿಗೆ ತಲುಪಿದಾಗ ಅದೇ ಅವುಗಳ ಊಟವಾಗುತ್ತದೆ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್ ಮುಂತಾದ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ, ಮತ್ತು ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಹೊರಗಿನಿಂದ ಹೊಸ ಬ್ಯಾಕ್ಟೀರಿಯಾಗಳನ್ನು ಕೊಂಡು ತಂದು ನುಂಗುತ್ತ, ಒಳಗಿರುವವನ್ನು ಉಪವಾಸ ಕೆಡವುವುದರಲ್ಲಿ ಅರ್ಥವಿಲ್ಲ. ಹುದುಗುವಿಕೆಯಲ್ಲಿ ವಾಯುವೂ ಹುಟ್ಟುತ್ತದೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ನಾರನ್ನು ಒಮ್ಮೆಲೇ ಹೆಚ್ಚಿಸಿದವರು ಹೊಟ್ಟೆ ಉಬ್ಬರಿಸಿಕೊಂಡು ನಾಲ್ಕೇ ದಿನಕ್ಕೆ ಕೈಬಿಡುವುದು ಇದರಿಂದಲೇ.

ಮೊದಲು ವೈದ್ಯರನ್ನು ಕಾಣಬೇಕಾದವರು

ಮಲದಲ್ಲಿ ರಕ್ತ ಕಾಣಿಸಿಕೊಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ, ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ, ರಕ್ತಹೀನತೆ ಇದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಭೇದಿ ಅಥವಾ ನೋವು ಇದ್ದರೆ ಊಟದ ಪ್ರಯೋಗಗಳನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗಬೇಕು. ಐವತ್ತರ ಆಸುಪಾಸಿನಲ್ಲಿ ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾದವರಿಗೂ, ಮನೆಯಲ್ಲಿ ಹತ್ತಿರದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದವರಿಗೂ ಈ ಮಾತು ಅನ್ವಯಿಸುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಸೊಪ್ಪು, ಹಣ್ಣು, ಕಾಳುಗಳನ್ನು ಹೆಚ್ಚಿಸುವ ಮೊದಲು ಪೊಟ್ಯಾಷಿಯಂ ಮಿತಿಯ ಬಗ್ಗೆ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡಿ ಕಾಳು ಹೆಚ್ಚಿಸಿದರೆ ರಕ್ತದ ಸಕ್ಕರೆಯ ಮಟ್ಟ ಬದಲಾಗಬಹುದಾದ್ದರಿಂದ ಅವರೂ ಮೊದಲೇ ವಿಚಾರಿಸುವುದು ಕ್ಷೇಮ.

ಒಂದು ವಾರ ಬರೆದಿಡಿ

ಯಾವುದನ್ನೂ ಬದಲಿಸದೆ, ಏಳು ದಿನ ತಿಂದದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಡಬೇಕು. ಸಂಜೆ ಆಫೀಸಿನ ಕೆಳಗೆ ತಿಂದ ಪಫ್, ರಾತ್ರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹತ್ತೂವರೆಗೆ ಮಾಡಿದ ಊಟ, ಎಷ್ಟು ಲೋಟ ಕಾಫಿ ಎಂಬುದೆಲ್ಲ ಅದರಲ್ಲಿ ಬರಲಿ. ಜೊತೆಗೆ ಹೊಟ್ಟೆ ಉಬ್ಬರ, ಹುಳಿತೇಗು, ನೋವು ಕಾಣಿಸಿಕೊಂಡ ಹೊತ್ತನ್ನು ಗುರುತಿಸಿ, ಮಲದ ಸ್ವರೂಪವನ್ನೂ ಬರೆಯಿರಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಪುಗೊಂಡು 1997ರಿಂದ ಬಳಕೆಯಲ್ಲಿರುವ ಒಂದು ಪಟ್ಟಿ ಮಲವನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ಗಟ್ಟಿ ಉಂಡೆಗಳಂತಿದ್ದರೆ 1, ಪೂರ್ತಿ ನೀರಾಗಿದ್ದರೆ 7, ಆಕಾರ ಉಳಿಸಿಕೊಂಡು ಸಲೀಸಾಗಿ ಹೋಗುವ 3 ಮತ್ತು 4 ಒಳ್ಳೆಯವು. ಸಂಕೋಚ ಬೇಡ, ಬರೀ ಅಂಕಿ ಬರೆದರೆ ಸಾಕು. ವೈದ್ಯರ ಬಳಿ ಹೋಗಬೇಕಾಗಿ ಬಂದರೂ ಈ ಅಂಕಿಗಳು ಉಪಯೋಗಕ್ಕೆ ಬರುತ್ತವೆ.

ನಾರು ಹೆಚ್ಚಿಸುವ ಬಗೆ

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ ಎಂಬ ದಿನಚರಿಯಲ್ಲಿ ಅಷ್ಟು ಕೂಡಿಬರುವುದು ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿರುವ ನಾರು 3 ಗ್ರಾಂ ಕೂಡ ಇಲ್ಲ. ಅಷ್ಟೇ ತೂಕದ ರಾಗಿಯಲ್ಲಿ ಅದು ಸುಮಾರು 11 ಗ್ರಾಂ. ಸಾಧಾರಣ ಗಾತ್ರದ ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹಿಡಿಯುತ್ತದೆ ಎಂದಿಟ್ಟುಕೊಂಡರೆ, ದಿನದ ಅಗತ್ಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆ ಒಂದು ಮುದ್ದೆಯಲ್ಲೇ ಸಿಕ್ಕಿಬಿಡುತ್ತದೆ. ಹಿಟ್ಟನ್ನು ಜರಡಿ ಹಿಡಿದು ತೌಡು ಚೆಲ್ಲಬಾರದು ಎಂಬುದೊಂದೇ ಷರತ್ತು. ಮುದ್ದೆ ನುಂಗಿ ಅಭ್ಯಾಸವಿಲ್ಲದ ಮನೆಗಳಲ್ಲಿ ರಾಗಿರೊಟ್ಟಿ, ರಾಗಿದೋಸೆ ಅದೇ ಕೆಲಸ ಮಾಡುತ್ತವೆ.

ಮುದ್ದೆಯ ಜೊತೆಗೆ ಬಸ್ಸಾರು ಆದರೆ ಇನ್ನೂ ಒಳ್ಳೆಯದು. ನಾರಿನ ದೃಷ್ಟಿಯಿಂದ ಇದಕ್ಕಿಂತ ಜಾಣ ಅಡುಗೆ ನನಗಂತೂ ಗೊತ್ತಿಲ್ಲ: ಹುರುಳಿಕಾಳನ್ನೋ ಅಲಸಂದೆಯನ್ನೋ ಬೇಯಿಸಿ, ಬೇಯುತ್ತ ಬಂದಾಗ ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಸೇರಿಸಿ, ನೀರನ್ನು ಬಸಿದುಕೊಂಡು ಅದರಿಂದ ಸಾರು ಮಾಡುತ್ತಾರೆ, ಬೆಂದ ಕಾಳು ಸೊಪ್ಪಿನಲ್ಲಿ ಒಂದು ಹಿಡಿಯನ್ನು ಮಸಾಲೆಯೊಂದಿಗೆ ರುಬ್ಬಿ ಆ ಸಾರಿಗೇ ಹಾಕುತ್ತಾರೆ, ಉಳಿದದ್ದು ಒಗ್ಗರಣೆ, ಕಾಯಿತುರಿ ಸೇರಿ ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ಪದಾರ್ಥ, ಚೆಲ್ಲುವುದು ಏನೂ ಇಲ್ಲ. ಕಾಳನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ವಾಯು ಹುಟ್ಟಿಸುವ ಸಕ್ಕರೆಗಳಲ್ಲಿ ಒಂದು ಪಾಲು ನೀರಿನೊಂದಿಗೆ ಹೊರಟುಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು ತಗ್ಗುತ್ತದೆ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಸಿಪ್ಪೆ ಸಮೇತ ಕಾಳನ್ನು ಸಾರಿಗೆ ಬಳಸಿದರೆ ನಾರು ಉಳಿಯುತ್ತದೆ. ಹಿತಕಿದ ಬೇಳೆಯಲ್ಲಿ ಸಿಪ್ಪೆ ಹೋಗುತ್ತದೆ ನಿಜ. ಆದರೆ ವರ್ಷಕ್ಕೊಂದು ಕಾಲದಲ್ಲಿ ಸಿಗುವ ಹಿತಕಬೇಳೆ ಸಾರಿನ ಮುಂದೆ ಕುಳಿತು ನಾರಿನ ಲೆಕ್ಕ ಹಾಕುವುದು ನನ್ನಿಂದಾಗದ ಕೆಲಸ.

ತರಕಾರಿಯ ಮಟ್ಟಿಗೆ, 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ 2000 ಕ್ಯಾಲರಿಯ ಊಟಕ್ಕೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಸೂಚಿಸುತ್ತದೆ. ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ತರಕಾರಿ ಎಂದಾಯಿತು. ಸಾಂಬಾರಿನಲ್ಲಿ ತೇಲುವ ನಾಲ್ಕು ಹೋಳು ನುಗ್ಗೆಕಾಯಿಯಿಂದ ಇದು ತುಂಬುವುದಿಲ್ಲ. ಪ್ರಮಾಣದಷ್ಟೇ ವೈವಿಧ್ಯವೂ ಮುಖ್ಯ, ಏಕೆಂದರೆ ಬೇರೆ ಬೇರೆ ಬ್ಯಾಕ್ಟೀರಿಯಾಗಳು ಬೇರೆ ಬೇರೆ ಬಗೆಯ ನಾರನ್ನು ಬಳಸಿಕೊಳ್ಳುತ್ತವೆ. ಗಾಂಧಿಬಜಾರು, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ, ಕೃಷ್ಣರಾಜ ಮಾರುಕಟ್ಟೆ ಅಥವಾ ನಿಮ್ಮ ಬಡಾವಣೆಯ ಹಾಪ್‌ಕಾಮ್ಸ್ ಮಳಿಗೆಗೆ ಹೋದಾಗ, ಪ್ರತಿ ವಾರ ಹಿಂದಿನ ವಾರ ತಾರದ ಒಂದು ಸೊಪ್ಪು, ಒಂದು ಕಾಳು, ಒಂದು ತರಕಾರಿ ತರುವ ರೂಢಿ ಇಟ್ಟುಕೊಳ್ಳಿ. ಬಾಳೆದಿಂಡನ್ನು ಹೆಚ್ಚುವಾಗ ಬೆರಳಿಗೆ ಸುತ್ತಿಕೊಳ್ಳುವ ಎಳೆಗಳನ್ನು ಬೇಸರದ ಕೆಲಸವೆಂದು ಬಿಡುವವರು ಬಹಳ. ಹೆಚ್ಚಿದ ಹೋಳನ್ನು ಮಜ್ಜಿಗೆ ಬೆರೆಸಿದ ನೀರಿನಲ್ಲಿ ಹಾಕಿಟ್ಟು ಬೆರಳಾಡಿಸಿದರೆ ಎಳೆಗಳು ಬೆರಳಿಗೇ ಬರುತ್ತವೆ, ಹೋಳು ಕಪ್ಪಾಗುವುದೂ ಇಲ್ಲ.

ಹೊರಗೆ ತಿನ್ನುವುದು ಅನಿವಾರ್ಯವಾದವರು ದರ್ಶಿನಿಯ ತಿಂಡಿಯನ್ನು ಬಿಡಬೇಕಾಗಿಲ್ಲ. ಇಡ್ಲಿ ತಿಂದ ದಿನ ಒಂದು ಸೀಬೆಹಣ್ಣನ್ನು ತೊಳೆದು ಬೀಜ ಸಮೇತ ತಿಂದರೆ, 100 ಗ್ರಾಂಗೆ 8 ಗ್ರಾಂಗಿಂತ ಹೆಚ್ಚು ನಾರು ಸಿಗುತ್ತದೆ. ಅದನ್ನೇ ರಸ ಮಾಡಿ ಸೋಸಿ ಕುಡಿದರೆ ಆ ಲಾಭ ಬಹುಮಟ್ಟಿಗೆ ಚರಟದೊಂದಿಗೆ ಹೋಗುತ್ತದೆ.

ಇನ್ನು ವೇಗದ ಪ್ರಶ್ನೆ. ಮೊದಲ ವಾರ ದಿನದ ಒಂದು ಹೊತ್ತಿನ ಊಟವನ್ನು ಮಾತ್ರ ಬದಲಿಸಿ. ಹೊಟ್ಟೆ ಒಗ್ಗಿಕೊಂಡಿತು ಎಂದು ಕಂಡ ಮೇಲೆ ಎರಡನೆಯದಕ್ಕೆ ಹೋಗಿ. ನಾರು ಹೆಚ್ಚಿದಂತೆ ನೀರೂ ಹೆಚ್ಚಬೇಕು, ಇಲ್ಲದಿದ್ದರೆ ಮಲಬದ್ಧತೆ ಕಡಿಮೆಯಾಗುವ ಬದಲು ಬಿಗಿಯಾಗುತ್ತದೆ. ಇಸಬ್‌ಗೋಲ್ ತೆಗೆದುಕೊಳ್ಳುವವರಂತೂ ಅದನ್ನು ಒಂದು ದೊಡ್ಡ ಲೋಟ ನೀರಿನೊಂದಿಗೇ ತೆಗೆದುಕೊಳ್ಳಬೇಕು.

ಮೊಸರು ಮತ್ತು ಉಳಿದ ಹುದುಗಿದ ಆಹಾರ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 36 ಆರೋಗ್ಯವಂತ ವಯಸ್ಕರ ಪೈಕಿ ಕೆಲವರಿಗೆ ಹೆಚ್ಚು ನಾರಿನ ಆಹಾರವನ್ನೂ ಉಳಿದವರಿಗೆ ಹೆಚ್ಚು ಹುದುಗಿದ ಆಹಾರವನ್ನೂ 10 ವಾರ ಕೊಟ್ಟು ನೋಡಿದರು. ಹುದುಗಿದ ಆಹಾರ ತಿಂದವರ ಕರುಳಿನಲ್ಲಿ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿತು, ಉರಿಯೂತ ಸೂಚಿಸುವ ಹಲವು ಪ್ರೋಟೀನುಗಳು ತಗ್ಗಿದವು. ಚಿಕ್ಕ ಅಧ್ಯಯನವಾದ್ದರಿಂದ ಇದರ ಮೇಲೆ ದೊಡ್ಡ ಗೋಪುರ ಕಟ್ಟಬಾರದು; ಆದರೂ ಮೊಸರು ಮಜ್ಜಿಗೆಯ ಮನೆಗಳವರಿಗೆ ಇದನ್ನು ಪಾಲಿಸಲು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಹಾಲನ್ನು ಕುದಿಸಿ, ಕಿರುಬೆರಳು ಅದ್ದಿದರೆ ಬಿಸಿ ತಾಕುವಂತಿದ್ದರೂ ಸುಡದಷ್ಟು ಆರಿಸಿ; ಅದು ಸುಮಾರು 40ರಿಂದ 45 ಡಿಗ್ರಿ. ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಸಾಕು. ಹೆಪ್ಪನ್ನು ಮೊದಲು ಸ್ವಲ್ಪ ಹಾಲಿನಲ್ಲಿ ಕದಡಿ, ಆಮೇಲೆ ಪೂರ್ತಿ ಹಾಲಿಗೆ ಬೆರೆಸಿ, ಅಲುಗಾಡಿಸದೆ ಇಡಬೇಕು. ಏಪ್ರಿಲ್ ತಿಂಗಳಲ್ಲಿ ಐದಾರು ಗಂಟೆಗೆ ಹೆಪ್ಪುಗಟ್ಟುವ ಮೊಸರಿಗೆ ಡಿಸೆಂಬರಿನ ಬೆಂಗಳೂರಿನಲ್ಲಿ ಇಡೀ ರಾತ್ರಿಯೂ ಸಾಲದೆ ಹೋಗುವುದುಂಟು. ಆಗ ಪಾತ್ರೆಯನ್ನು ಹಾಟ್‌ಬಾಕ್ಸಿನೊಳಗಿಟ್ಟರೆ ಅಥವಾ ದಪ್ಪ ಟವೆಲ್ ಸುತ್ತಿಟ್ಟರೆ ಕೆಲಸವಾಗುತ್ತದೆ. ಅಂಗಡಿಯಿಂದ ತಂದ ಮೊಸರಿನಲ್ಲಿ ಬ್ಯಾಕ್ಟೀರಿಯಾ ಜೀವಂತವಾಗಿವೆಯೇ ಎಂದು ತಿಳಿಯಲು ಅದರಿಂದಲೇ ಹೆಪ್ಪು ಹಾಕಿ ನೋಡಬಹುದು: ಹಾಲು ಮೊಸರಾದರೆ ಅವು ಬದುಕಿವೆ. ಹಾಲು ಕುಡಿದರೆ ಹೊಟ್ಟೆ ಕೆಡುವ ಹಲವರಿಗೆ ಮೊಸರು ಒಗ್ಗುತ್ತದೆ, ಏಕೆಂದರೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯ ಒಂದು ಭಾಗವನ್ನು ಬ್ಯಾಕ್ಟೀರಿಯಾಗಳು ಆಗಲೇ ಮುಗಿಸಿರುತ್ತವೆ.

ಬಿಸಿ ತಾಕಿದ ಮೇಲೆ ಈ ಜೀವಾಣುಗಳು ಉಳಿಯುವುದಿಲ್ಲ ಎಂಬುದನ್ನು ಮರೆಯಬಾರದು. ಮಜ್ಜಿಗೆಹುಳಿಯನ್ನು ಕುದಿಸುತ್ತೇವೆ, ಇಡ್ಲಿಯನ್ನು ಹಬೆಯಲ್ಲಿ ಬೇಯಿಸುತ್ತೇವೆ. ಅವು ಜೀವಂತ ಹುದುಗಿನ ಆಹಾರಗಳಲ್ಲ. ಇಡ್ಲಿಹಿಟ್ಟಿನ ಹುದುಗುವಿಕೆಯಿಂದ ಜೀರ್ಣವಾಗುವುದು ಸುಲಭವಾಗುತ್ತದೆ, ಅದರ ಲಾಭ ಬೇರೆ. ರಾಗಿ ಅಂಬಲಿಗೂ ಇದೇ ಎಚ್ಚರ ಬೇಕು: ಗಂಜಿಯನ್ನು ಬೇಯಿಸಿ, ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಬೇಕು. ಎಣ್ಣೆ, ಉಪ್ಪು ತುಂಬಿದ ಉಪ್ಪಿನಕಾಯಿಯನ್ನು ಕರುಳಿನ ಹೆಸರಿನಲ್ಲಿ ಹೆಚ್ಚು ತಿನ್ನಲು ಕಾರಣವಿಲ್ಲ. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಅದರಿಂದ ಬೇಗ ದಾಟಿಹೋಗುತ್ತದೆ. ತಂಗಳನ್ನ ಉಣ್ಣುವವರು, ಬೆಂದ ಅನ್ನದಲ್ಲೂ ಬದುಕುಳಿಯುವ ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಬೆಚ್ಚಗಿನ ಅಡುಗೆಮನೆಯಲ್ಲಿ ಬೆಳೆದು ವಾಂತಿಭೇದಿ ತರಬಲ್ಲವು ಎಂಬುದನ್ನು ತಿಳಿದಿರಬೇಕು; ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿಡುವುದು ಸುರಕ್ಷಿತ.

ಬಾಟಲಿ, ಮಾತ್ರೆ, ಪರೀಕ್ಷೆ

ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಾಣುಗಳಿಗೆ ಮಾತ್ರ ಪ್ರೋಬಯಾಟಿಕ್ ಎಂಬ ಹೆಸರು ಸಲ್ಲುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಹೇಳಿದ್ದರು. ಒಂದು ತಳಿಯಿಂದ ಸಿಕ್ಕ ಲಾಭ ಇನ್ನೊಂದರಿಂದ ಸಿಗುತ್ತದೆ ಎನ್ನುವಂತಿಲ್ಲ. ಆದ್ದರಿಂದ ಲೇಬಲ್ಲಿನಲ್ಲಿ ತಳಿಯ ಪೂರ್ತಿ ಹೆಸರು, ಜೀವಾಣುಗಳ ಸಂಖ್ಯೆ, ಇಡಬೇಕಾದ ಉಷ್ಣಾಂಶ ಇಲ್ಲದ ಸರಕನ್ನು ಕೊಳ್ಳದಿರುವುದೇ ಲೇಸು. ಕೊಂಬುಚಾ ಕೊಳ್ಳುವಾಗ ಸಕ್ಕರೆಯ ಅಂಕಿ ನೋಡಿ. ಅದರಲ್ಲಿ ಅಲ್ಪ ಪ್ರಮಾಣದ ಆಲ್ಕೋಹಾಲ್ ಕೂಡ ಇರಬಹುದಾದ್ದರಿಂದ ಗರ್ಭಿಣಿಯರು ದೂರವಿಡಬೇಕು. ರೋಗನಿರೋಧಕ ಶಕ್ತಿ ಬಹಳ ಕುಗ್ಗಿರುವವರು ವೈದ್ಯರನ್ನು ಕೇಳದೆ ಇಂಥ ಯಾವುದನ್ನೂ ತೆಗೆದುಕೊಳ್ಳಬಾರದು. ಮನೆಗೇ ಬರುವ ಮಲಪರೀಕ್ಷೆಯ ಡಬ್ಬಿಗಳ ವಿಷಯ ಚುಟುಕಾಗಿ ಹೇಳಬಹುದು: ಆರೋಗ್ಯವಂತ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿರಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇನ್ನೂ ಇಲ್ಲ, ಆದ್ದರಿಂದ ವರದಿಯ ಬಣ್ಣಬಣ್ಣದ ಪಟ್ಟಿಗಳಿಂದ ಊಟ ನಿರ್ಧರಿಸುವುದು ಅವಸರವಾಗುತ್ತದೆ.

ಇಷ್ಟಾದರೂ ಉಬ್ಬರ ಇಳಿಯದಿದ್ದರೆ

ನಾರು, ಮೊಸರು ಎರಡನ್ನೂ ನಿಧಾನವಾಗಿ ಸೇರಿಸಿದ ಮೇಲೂ ನೋವು, ಉಬ್ಬರ ಉಳಿದವರಲ್ಲಿ ಕೆಲವರಿಗೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಹೊಟ್ಟೆನೋವಿನೊಂದಿಗೆ ಭೇದಿ ಅಥವಾ ಮಲಬದ್ಧತೆ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ) ಇರಬಹುದು. ಅದನ್ನು ವೈದ್ಯರು ಖಚಿತಪಡಿಸಿದ ಮೇಲೆ, ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ಫಾಡ್‌ಮ್ಯಾಪ್ ಕ್ರಮವನ್ನು ಆಹಾರತಜ್ಞರ ನೆರವಿನೊಂದಿಗೆ ಪ್ರಯತ್ನಿಸಬಹುದು. ಬೇಗ ಹುದುಗುವ ಸಕ್ಕರೆಗಳಿರುವ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಲವು ಕಾಳುಗಳು, ಹಾಲು ಮುಂತಾದವನ್ನು ಎರಡರಿಂದ ಆರು ವಾರ ಮಾತ್ರ ಬಿಡುವುದು ಇದರ ಮೊದಲ ಹಂತ. ನಮ್ಮ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯ ಜಾಗವನ್ನು ಇಂಗಿನ ಒಗ್ಗರಣೆ ಚೆನ್ನಾಗಿಯೇ ತುಂಬುತ್ತದೆ, ಈರುಳ್ಳಿ ಹೂವಿನ ಹಸಿರು ಭಾಗವನ್ನೂ ಬಳಸಬಹುದು. ಅನೇಕರು ಇಲ್ಲಿಯೇ ನಿಂತುಬಿಡುತ್ತಾರೆ; ಹಾಗೆ ವರ್ಷಗಟ್ಟಲೆ ಮುಂದುವರಿಸಿದರೆ ಒಳಗಿನ ಬ್ಯಾಕ್ಟೀರಿಯಾಗಳ ಊಟವನ್ನೇ ಕಿತ್ತುಕೊಂಡಂತಾಗುತ್ತದೆ. ಎರಡನೇ ಹಂತದಲ್ಲಿ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ ಮರಳಿ ತರಬೇಕು: ಉಳಿದ ಊಟವನ್ನು ಹಾಗೆಯೇ ಇಟ್ಟುಕೊಂಡು, ಮೊದಲ ದಿನ ಸ್ವಲ್ಪ, ಎರಡನೇ ದಿನ ಇನ್ನಷ್ಟು, ಮೂರನೇ ದಿನ ಮನೆಯ ರೂಢಿಯಷ್ಟು. ತೊಂದರೆ ಕಂಡರೆ ಅಲ್ಲಿಗೆ ನಿಲ್ಲಿಸಿ, ಹೊಟ್ಟೆ ಶಾಂತವಾಗುವವರೆಗೆ ಕಾದು, ಮುಂದಿನ ಪದಾರ್ಥಕ್ಕೆ ಹೋಗಬೇಕು. ಈರುಳ್ಳಿ ಒಗ್ಗದವರಿಗೆ ಹೆಸರುಕಾಳು ಒಗ್ಗಬಹುದು, ಗೋಧಿ ಒಗ್ಗದವರಿಗೆ ಬೆಳ್ಳುಳ್ಳಿಯಿಂದ ಏನೂ ಆಗದಿರಬಹುದು. ಒಗ್ಗಿದ ಪ್ರತಿಯೊಂದನ್ನೂ ಆಗಿನಿಂದಲೇ ಊಟದಲ್ಲಿ ಮತ್ತೆ ಸೇರಿಸಿಕೊಳ್ಳಬೇಕು.