ಸಿಎ ಫೈನಲ್ ಯಾವಾಗ ಬರೆಯುವುದು? ರಿಸಲ್ಟ್ ದಿನದಿಂದ ಹಿಂದಕ್ಕೆ ಎಣಿಸಿ

ನಮ್ಮಪ್ಪ ಬ್ಯಾಡಗಿ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಕಿರ್ದಿ ಬರೆದವರು. ಮೆಣಸಿನಕಾಯಿ ಸೀಸನ್ ಇರುವ ಜನವರಿಯಿಂದ ಮಾರ್ಚ್ ತನಕ ನಮ್ಮ ಮನೆಯಲ್ಲಿ ಯಾವ ಕಾರ್ಯವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ದುಡಿಯುವ ತಿಂಗಳು ಯಾವುದು, ಉಸಿರಾಡುವ ತಿಂಗಳು ಯಾವುದು ಅಂತ ಅವರಿಗೆ ಯುಗಾದಿಗೇ ಗೊತ್ತಿರುತ್ತಿತ್ತು. ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಕೊನೆಯ ಪರೀಕ್ಷೆ ಸಿಎ ಫೈನಲ್‌ಗೆ ಕೂರುವಾಗ ನಾನು ಆ ಲೆಕ್ಕ ಹಾಕಲಿಲ್ಲ. ಅದರಲ್ಲಿ ಮೂರು ಮೂರು ಪೇಪರ್‌ಗಳ ಎರಡು ಗ್ರೂಪ್. 2024ರ ನವೆಂಬರ್‌ನಲ್ಲಿ ಎರಡೂ ಗ್ರೂಪ್ ಹೋದವು. 2025ರ ಮೇ ತಿಂಗಳಲ್ಲಿ ಎರಡೂ ಪಾಸಾದವು. ಪುಸ್ತಕಗಳು ಹೆಚ್ಚುಕಡಿಮೆ ಅವೇ, ಓದಿದವಳೂ ನಾನೇ. ಬದಲಾಗಿದ್ದು ತಾರೀಖುಗಳನ್ನು ಜೋಡಿಸಿಕೊಂಡ ರೀತಿ. ಈಗ ಆರ್ಟಿಕಲ್‌ಶಿಪ್‌ನಲ್ಲಿ, ಅಂದರೆ ಸಿಎ ಆಫೀಸಿನ ಕಡ್ಡಾಯ ತರಬೇತಿಯಲ್ಲಿ, ಇರುವವರಿಗೆ ಆ ಜೋಡಣೆಯನ್ನು ವಿವರವಾಗಿ ಹೇಳಬೇಕು ಅನ್ನಿಸಿತು.

ನಾವೆಲ್ಲ ಪರೀಕ್ಷೆಯ ತಾರೀಖಿನಿಂದ ಹಿಂದಕ್ಕೆ ಎಣಿಸುತ್ತೇವೆ: ಇನ್ನು ಇಷ್ಟು ದಿನ ಇದೆ, ಇಷ್ಟು ಚಾಪ್ಟರ್ ಇದೆ. ರಿಸಲ್ಟ್ ತಾರೀಖನ್ನೂ ಮುಂದಿನ ಅಟೆಂಪ್ಟ್‌ನ ಅರ್ಜಿ ತಾರೀಖನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. 2025ನ್ನೇ ನೋಡಿ. ಮೇ ಪರೀಕ್ಷೆಯ ರಿಸಲ್ಟ್ ಬಂದದ್ದು ಜುಲೈ 6ಕ್ಕೆ. ಸೆಪ್ಟೆಂಬರ್ ಪರೀಕ್ಷೆಯ ಅರ್ಜಿ ತೆರೆದದ್ದು ಅದಕ್ಕೂ ಒಂದು ದಿನ ಮೊದಲು, ಜುಲೈ 5ಕ್ಕೆ. ಲೇಟ್ ಫೀ ಇಲ್ಲದೆ ತುಂಬಲು ಜುಲೈ 18 ಕೊನೆ. ಫೈನಲ್‌ನ ಮೊದಲ ಪೇಪರ್ ಸೆಪ್ಟೆಂಬರ್ 3ಕ್ಕೆ. ರಿಸಲ್ಟ್ ಬರಲಿ, ಆಮೇಲೆ ನೋಡೋಣ ಅಂದುಕೊಂಡವರ ಕೈಯಲ್ಲಿ ಉಳಿದದ್ದು 59 ದಿನ. ಆ ಸೆಪ್ಟೆಂಬರ್‌ನ ರಿಸಲ್ಟ್ ಬಂದದ್ದು ನವೆಂಬರ್ 3ಕ್ಕೆ, ಜನವರಿಯ ಫೈನಲ್ ಶುರುವಾದದ್ದು 5ಕ್ಕೆ. ಮತ್ತೆ ಅದೇ ಎರಡು ತಿಂಗಳು. ಎರಡು ತಿಂಗಳಲ್ಲಿ ಆರು ಪೇಪರ್ ಮೊದಲಿನಿಂದ ಓದಲು ಆಗುವುದಿಲ್ಲ, ರಿವಿಜನ್ ಮಾತ್ರ ಆಗುತ್ತದೆ. ಹಾಗಾಗಿ ಕಾಯುವ ಆ ಒಂದೂವರೆ ತಿಂಗಳನ್ನೂ ಓದಿನ ಯೋಜನೆಗೆ ಸೇರಿಸಲೇಬೇಕು.

ಕ್ಯಾಲೆಂಡರ್ ಬದಲಾಗುತ್ತಿರುತ್ತದೆ. ನಾನು ಆರ್ಟಿಕಲ್‌ಶಿಪ್ ಸೇರಿದಾಗ ಫೈನಲ್ ವರ್ಷಕ್ಕೆ ಎರಡೇ ಸಲ ಇತ್ತು. ಮೂರು ಸಲ ಎಂಬ ತೀರ್ಮಾನ ಬಂದದ್ದು 2025ರಲ್ಲಿ. ಸೀನಿಯರ್ ಹೇಳಿದರು ಅಂತ ನಂಬಬೇಡಿ, ನಾನು ಹೇಳಿದೆ ಅಂತಲೂ ಬೇಡ. ಪರೀಕ್ಷೆ ನಡೆಸುವ ಸಿಎ ಇನ್‌ಸ್ಟಿಟ್ಯೂಟ್‌ನ (ಐಸಿಎಐ) ಪ್ರಕಟಣೆಯನ್ನು ನೀವೇ ತೆರೆದು ಓದಿ, ನಾಲ್ಕು ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ: ಅರ್ಜಿ ತೆರೆಯುವುದು, ಅರ್ಜಿ ಮುಗಿಯುವುದು, ಮೊದಲ ಪೇಪರ್, ಕೊನೆಯ ಪೇಪರ್. ಕೊನೆಯ ಪೇಪರ್‌ಗೆ ಐವತ್ತು ದಿನ ಸೇರಿಸಿ ಪೆನ್ಸಿಲ್‌ನಲ್ಲಿ ರಿಸಲ್ಟ್ ಅಂತ ಗುರುತು ಹಾಕಿ. ನನಗೆ ಮೊದಲ ಸಲ 43 ದಿನ, ಎರಡನೇ ಸಲ 49 ದಿನ ಹಿಡಿಯಿತು.

ಈಗ ಎರಡು ವರ್ಷದ ಆರ್ಟಿಕಲ್‌ಶಿಪ್‌ನಲ್ಲಿ ಇರುವವರಿಗೆ ಒಂದು ಮುಖ್ಯ ವಿಷಯ. ನಮ್ಮದು ಹಳೆಯ ಮೂರು ವರ್ಷದ್ದು, ಕೊನೆಯ ಆರು ತಿಂಗಳಲ್ಲಿ ಫೈನಲ್ ಬರೆಯಬಹುದಿತ್ತು. ನಿಮ್ಮದು ಹಾಗಲ್ಲ. ಆರ್ಟಿಕಲ್‌ಶಿಪ್ ಮುಗಿದು ಆರು ತಿಂಗಳು ಓದಿದ ಮೇಲೆಯೇ ಫೈನಲ್. ಅಕ್ಟೋಬರ್ 31ಕ್ಕೆ ಮುಗಿದರೆ ಏಪ್ರಿಲ್ 30ಕ್ಕೆ ಆರು ತಿಂಗಳು ತುಂಬುತ್ತದೆ, ಮೇ ಪರೀಕ್ಷೆ ಸಿಗುತ್ತದೆ. ನವೆಂಬರ್ 10ಕ್ಕೆ ಮುಗಿದರೆ ಮೇ ಕೈತಪ್ಪುತ್ತದೆ. ಅಂದರೆ ಫೈನಲ್‌ಗಿಂತ ಹಿಂದಿನ ಹಂತದ ಪರೀಕ್ಷೆ ಇಂಟರ್‌ನ ರಿಸಲ್ಟ್ ಬಂದ ಮೇಲೆ ಆಫೀಸು ಹುಡುಕುತ್ತ ಕಳೆದ ಹತ್ತು ದಿನ ಎರಡು ವರ್ಷದ ನಂತರ ಇಡೀ ಒಂದು ಅಟೆಂಪ್ಟನ್ನು ತಿನ್ನಬಹುದು. ಸೇರುವ ತಾರೀಖು ಹಾಕುವ ದಿನವೇ ಎರಡು ವರ್ಷ, ಆರು ತಿಂಗಳು ಮುಂದಕ್ಕೆ ಎಣಿಸಿ ನೋಡಿ. ಹೆಚ್ಚು ರಜೆ ಹಾಕಿ ಆರ್ಟಿಕಲ್‌ಶಿಪ್ ಮುಂದಕ್ಕೆ ಹೋದರೂ ಇದೇ ಕಥೆ.

ಇನ್ನೆರಡು ಬಾಗಿಲು ದಾಟದೆ ಅರ್ಜಿಯ ಮಾತೇ ಇಲ್ಲ. ಸೆಲ್ಫ್ ಪೇಸ್ಡ್ ಮಾಡ್ಯೂಲ್‌ನ (ನಾವೇ ಓದಿ ಪರೀಕ್ಷೆ ಬರೆಯುವ ಆನ್‌ಲೈನ್ ಪಾಠ) ನಾಲ್ಕೂ ಸೆಟ್‌ಗಳಲ್ಲಿ ತಲಾ 50 ಪರ್ಸೆಂಟ್ ಬಂದಿರಬೇಕು, ಅಡ್ವಾನ್ಸ್‌ಡ್ ಐಸಿಐಟಿಎಸ್‌ಎಸ್ ಎಂಬ ಐಟಿ ಮತ್ತು ಸಂವಹನ ಕೌಶಲದ ತರಬೇತಿ ಮುಗಿದಿರಬೇಕು. ಸೆಟ್ ಎ ಮತ್ತು ಬಿಯನ್ನು, ಅಂದರೆ ಕಾರ್ಪೊರೇಟ್ ಕಾನೂನು ಮತ್ತು ಕಾಸ್ಟಿಂಗ್ ಇರುವವನ್ನು, ಆರ್ಟಿಕಲ್‌ಶಿಪ್‌ನ ಮೊದಲ ವರ್ಷದಲ್ಲೇ ಮುಗಿಸಿ. ಇಂಟರ್‌ನ ಓದು ಇನ್ನೂ ತಲೆಯಲ್ಲಿ ಹಸಿಯಾಗಿರುತ್ತದೆ. ನಾನು ಫೈನಲ್‌ಗೆ ನಾಲ್ಕು ತಿಂಗಳಿರುವಾಗ ಮಾಡಿದೆ. ಮೊದಲ ಪೇಪರ್ ಎಫ್‌ಆರ್‌ಗೆ (ಫೈನಾನ್ಷಿಯಲ್ ರಿಪೋರ್ಟಿಂಗ್) ಕೊಡಬೇಕಿದ್ದ ಮೂರು ವಾರ ಅಲ್ಲಿ ಹೋಯಿತು.

ಯಾವ ತಿಂಗಳು ಯಾರಿಗೆ ಒಗ್ಗುತ್ತದೆ ಎಂಬುದಕ್ಕೆ ನಿಮ್ಮ ಆಫೀಸಿನ ಕೆಲಸವನ್ನೇ ನೋಡಬೇಕು. ಬ್ಯಾಂಕ್ ಬ್ರಾಂಚ್ ಆಡಿಟ್ ಇರುವ ಆಫೀಸಾದರೆ ಏಪ್ರಿಲ್ ನಿಮ್ಮದಲ್ಲ. ಮೇ ಪರೀಕ್ಷೆಗೆ ಕೂರುವವರು ಮಾರ್ಚ್‌ಗೇ ರಜೆಯ ಮಾತು ಮುಗಿಸಿರಬೇಕು. ಜುಲೈ ತುಂಬ ರಿಟರ್ನ್, ಆಗಸ್ಟ್ ಮತ್ತು ಸೆಪ್ಟೆಂಬರ್ ಟ್ಯಾಕ್ಸ್ ಆಡಿಟ್, ಕಂಪನಿ ಆಡಿಟ್. ಆರ್ಟಿಕಲ್‌ಶಿಪ್ ಮುಗಿಸಿ ಮನೆಯಲ್ಲಿ ಓದುವವರಿಗೆ ಸೆಪ್ಟೆಂಬರ್ ಅಟೆಂಪ್ಟ್ ಒಳ್ಳೆಯದು, ಕೆಲಸ ಮಾಡುತ್ತ ಬರೆಯುವವರಿಗೆ ಬಲು ಕಷ್ಟ. ಅಂಥವರಿಗೆ ಜನವರಿ ಇದ್ದುದರಲ್ಲಿ ಮೇಲು. ಆಡಿಟ್‌ನ ಗದ್ದಲ ದೀಪಾವಳಿ ಹೊತ್ತಿಗೆ ತಗ್ಗುತ್ತದೆ, ಡಿಸೆಂಬರ್ 31ರ ಜಿಎಸ್‌ಟಿ ವಾರ್ಷಿಕ ರಿಟರ್ನ್ ಒಂದನ್ನು ಬೇರೆಯವರಿಗೆ ಒಪ್ಪಿಸಲು ಕೇಳಿಕೊಳ್ಳಬಹುದು.

ನನ್ನ ಮೊದಲ ಅಟೆಂಪ್ಟ್ ಕೆಟ್ಟದ್ದು ಇಲ್ಲೇ. ಆಗಸ್ಟ್ 15ರಿಂದ ರಜೆ ಅಂತ ಬಾಯಿಮಾತಿನಲ್ಲಿ ಒಪ್ಪಿದ್ದರು. ಆಗಸ್ಟ್‌ನಲ್ಲಿ ಕೇಳಿದಾಗ ಸೆಪ್ಟೆಂಬರ್ 30 ದಾಟಲಿ ಅಂದರು. ನನಗೆ ರಜೆ ಸಿಕ್ಕಿದ್ದು ಅಕ್ಟೋಬರ್ 1ಕ್ಕೆ, ಮೊದಲ ಪೇಪರ್ ಇದ್ದದ್ದು ನವೆಂಬರ್ 3ಕ್ಕೆ. ಅದಕ್ಕೇ ಹೇಳುತ್ತೇನೆ, ರಜೆಯನ್ನು ಬಾಯಲ್ಲಿ ಕೇಳಬೇಡಿ. ತಾರೀಖು ಹಾಕಿ ಇಮೇಲ್ ಕಳಿಸಿ, ಉತ್ತರ ಬರುವ ತನಕ ಕೇಳುತ್ತಿರಿ, ನಿಮ್ಮ ಕ್ಲೈಂಟ್‌ಗಳ ಫೈಲು ಯಾರಿಗೆ ಒಪ್ಪಿಸುತ್ತೀರಿ ಎಂಬುದನ್ನೂ ಅದರಲ್ಲೇ ಬರೆಯಿರಿ. ಫೈಲು ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿದ್ದರೆ ಪ್ರಿನ್ಸಿಪಾಲ್‌ಗೂ, ಅಂದರೆ ತರಬೇತಿ ಕೊಡುವ ಸಿಎಗೂ, ಹೂಂ ಅನ್ನುವುದು ಸುಲಭ.

ಅಟೆಂಪ್ಟ್ ಆರಿಸುವ ಮುನ್ನ ಟ್ಯಾಕ್ಸ್ ಪೇಪರ್‌ಗೆ ಯಾವ ಕಾನೂನು ಅನ್ವಯ ಅಂತ ನೋಡಿ. ನವೆಂಬರ್ 2024ಕ್ಕೆ 2023ರ ಫೈನಾನ್ಸ್ ಆ್ಯಕ್ಟ್ ಇತ್ತು. ಮೇ 2025ಕ್ಕೆ 2024ರ ಬಜೆಟ್‌ನ ತಿದ್ದುಪಡಿಗಳು ಬಂದವು. 2024ರ ಜುಲೈ 23ರಿಂದ ಬದಲಾದ ಕ್ಯಾಪಿಟಲ್ ಗೇನ್ಸ್ ದರ, 12.5 ಪರ್ಸೆಂಟ್, ಇಂಡೆಕ್ಸೇಶನ್ (ಬೆಲೆಯೇರಿಕೆಗೆ ತಕ್ಕಂತೆ ಖರೀದಿ ಬೆಲೆ ಹೆಚ್ಚಿಸಿ ಲೆಕ್ಕ ಹಾಕುವುದು) ಹೋದದ್ದು, ಅಕ್ಟೋಬರ್ 1ರಿಂದ ಬೈಬ್ಯಾಕ್ ಹಣ (ಕಂಪನಿ ತನ್ನ ಷೇರನ್ನೇ ಮರಳಿ ಕೊಂಡಾಗ ಸಿಗುವುದು) ತೆರಿಗೆಗೆ ಡಿವಿಡೆಂಡ್ ಆದದ್ದು, ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಒಂದು ಅಟೆಂಪ್ಟ್ ಮುಂದೆ ಹಾಕಿದರೆ ಹೆಚ್ಚು ಸಮಯ ಸಿಗುತ್ತದೆ ಅಂದುಕೊಳ್ಳುತ್ತೇವಲ್ಲ, ಅದರಲ್ಲಿ ಒಂದು ಪಾಲನ್ನು ತಿದ್ದುಪಡಿಗಳೇ ತಿನ್ನುತ್ತವೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯೇ ಜಾರಿಗೆ ಬಂದಿದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬೇರೆ. ನಿಮ್ಮ ಅಟೆಂಪ್ಟ್‌ಗೆ ಹಳೆಯದೋ ಹೊಸದೋ ಎಂದು ಇನ್‌ಸ್ಟಿಟ್ಯೂಟ್‌ನ ಬೋರ್ಡ್ ಆಫ್ ಸ್ಟಡೀಸ್‌ನ ಪ್ರಕಟಣೆಯಲ್ಲಿ ಖಚಿತ ಮಾಡಿಕೊಳ್ಳದೆ ಪುಸ್ತಕಕ್ಕೆ ದುಡ್ಡು ಕೊಡಬೇಡಿ.

ಒಂದು ಗ್ರೂಪೋ ಎರಡೋ? ಎಲ್ಲರೂ ಕೇಳುವ ಪ್ರಶ್ನೆ ಇದು. ಪ್ರತಿ ಪೇಪರ್‌ನಲ್ಲಿ 40, ಗ್ರೂಪಿಗೆ ಒಟ್ಟು 300ಕ್ಕೆ 150 ಬೇಕು. ಎರಡೂ ಗ್ರೂಪ್ ಒಟ್ಟಿಗೆ ಬರೆದರೆ 600ಕ್ಕೆ 300 ಬಂದರೆ ಸಾಕು, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನನ್ನ ರೂಮ್‌ಮೇಟ್‌ಗೆ ಮೊದಲ ಗ್ರೂಪ್‌ನಲ್ಲಿ 166, ಎರಡನೆಯದರಲ್ಲಿ 138 ಬಂತು. ಎರಡನೆಯದನ್ನು ಒಂದನ್ನೇ ಬರೆದಿದ್ದರೆ ಫೇಲ್. ಒಟ್ಟು 304 ಆದದ್ದರಿಂದ ಅವಳು ಅವತ್ತೇ ಸಿಎ ಆದಳು. ಆದರೆ ಯಾವುದಾದರೂ ಒಂದು ಪೇಪರ್‌ನಲ್ಲಿ 39 ಬಂದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಮಾಕ್ ಟೆಸ್ಟ್‌ನಲ್ಲಿ ಆರೂ ಪೇಪರ್ 45 ದಾಟುತ್ತಿದ್ದರೆ ಎರಡೂ ಬರೆಯಿರಿ. ಪರೀಕ್ಷೆಗೆ 60 ದಿನ ಇರುವಾಗ ಎರಡು ಪೇಪರ್ ಇನ್ನೂ ಒಂದು ಸಲವೂ ಪೂರ್ತಿ ಓದಿಲ್ಲವಾದರೆ ಒಂದೇ ಗ್ರೂಪ್ ಬರೆಯಿರಿ, ಅದರಲ್ಲಿ ಯಾವ ಅವಮಾನವೂ ಇಲ್ಲ. ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪೂರ್ತಿ ಪಾಸಾದವರು ನವೆಂಬರ್ 2024ರಲ್ಲಿ 13.44 ಪರ್ಸೆಂಟ್, ಮೇ 2025ರಲ್ಲಿ 18.75. ಮನೆಯವರಿಗೂ ಈ ಅಂಕಿಯನ್ನು ಮೊದಲೇ ಹೇಳಿಡಿ.

ಒಂದು ಪೇಪರ್‌ನಲ್ಲಿ 60 ಬಂದು ಗ್ರೂಪ್ ಹೋದರೆ ಆ ಪೇಪರ್‌ಗೆ ಎಕ್ಸೆಂಪ್ಷನ್, ಅಂದರೆ ಮತ್ತೆ ಬರೆಯಬೇಕಿಲ್ಲ, ಮುಂದಿನ ಮೂರು ಅಟೆಂಪ್ಟ್‌ಗಳ ತನಕ. ಅದಕ್ಕೆ ಆ ಗ್ರೂಪಿನ ಎಲ್ಲ ಪೇಪರ್‌ಗೂ ಹಾಜರಾಗಿರಬೇಕು. ಮೊದಲ ಪೇಪರ್ ಕೆಟ್ಟಿತು ಅಂತ ಉಳಿದವನ್ನು ಬಿಟ್ಟುಬಂದರೆ ಇದೂ ಹೋಗುತ್ತದೆ. ನೀವು ಕೂರಲಿ ಬಿಡಲಿ, ಆ ಮೂರು ಅಟೆಂಪ್ಟ್ ಕಳೆಯುತ್ತವೆ. ವರ್ಷಕ್ಕೆ ಎರಡು ಪರೀಕ್ಷೆ ಇದ್ದರೆ ಅದು ಒಂದೂವರೆ ವರ್ಷ, ಮೂರು ಇದ್ದರೆ ಒಂದೇ ವರ್ಷ. ಎಕ್ಸೆಂಪ್ಷನ್ ಇರುವವರು ಒಂದು ಅಟೆಂಪ್ಟ್ ಬಿಡುವಾಗ ಇದನ್ನು ಮರೆಯಬಾರದು. ನನಗೆ ಮೊದಲ ಸಲ ಎಎಫ್‌ಎಂನಲ್ಲಿ (ಅಡ್ವಾನ್ಸ್‌ಡ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್) 62 ಬಂದಿತ್ತು, ಎಫ್‌ಆರ್‌ನಲ್ಲಿ 37. ಮುಂದಿನ ಸಲ ಬರೆಯಲು ಐದೇ ಪೇಪರ್ ಉಳಿದವು.

ಆ 37 ಗೊತ್ತಾದದ್ದು 2024ರ ಡಿಸೆಂಬರ್ 26ರ ರಾತ್ರಿ. ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿ ಕೆಳಗಡೆ ಟೀವಿಯಲ್ಲಿ ಮನಮೋಹನ ಸಿಂಗ್ ತೀರಿಕೊಂಡ ಸುದ್ದಿ ಬರುತ್ತಿತ್ತು, ಮೇಲೆ ನಾನು ಮೊಬೈಲಿನಲ್ಲಿ ಮತ್ತೆ ಮತ್ತೆ ಪೇಜ್ ತೆರೆಯುತ್ತಿದ್ದೆ. ಆ 43 ದಿನವೂ ಟೆಲಿಗ್ರಾಮ್‌ನಲ್ಲಿ ಆನ್ಸರ್ ಕೀ ಹೋಲಿಸುತ್ತ, ದಿನಕ್ಕೊಂದು ಹೊಸ ಮೊತ್ತ ಹಾಕುತ್ತ ಕಳೆದಿದ್ದೆ. ಒಂದು ಪುಟವನ್ನೂ ಓದಿರಲಿಲ್ಲ.

ಎರಡನೇ ಸಲ ಹಾಗೆ ಮಾಡಲಿಲ್ಲ. ಮಾರ್ಚ್‌ಗೆ ಆರ್ಟಿಕಲ್‌ಶಿಪ್ ಮುಗಿಯಿತು. ಸೆಂಟರ್ ಹುಬ್ಬಳ್ಳಿ ಹಾಕಿ ಚಿಗವ್ವನ ಮನೆಯಲ್ಲಿ ಉಳಿದೆ. ನಾಲ್ಕು ಪೇಪರ್ ಮುಗಿದ ಮರುದಿನ, ಮೇ 9ಕ್ಕೆ, ದೇಶದ ಗಡಿಯಲ್ಲಿನ ಪರಿಸ್ಥಿತಿಯಿಂದಾಗಿ ಉಳಿದ ಪರೀಕ್ಷೆಗಳು ಮುಂದಕ್ಕೆ ಹೋದವು. ಇನ್‌ಡೈರೆಕ್ಟ್ ಟ್ಯಾಕ್ಸ್ 16ಕ್ಕೆ, ತೆರೆದ ಪುಸ್ತಕದ ಆರನೇ ಪೇಪರ್ 18ಕ್ಕೆ ಬಂತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು: ಕೊನೆಯ ಪೇಪರ್ ಆದ ಮೇಲೆ ಹತ್ತು ದಿನ ಯಾವ ಟಿಕೆಟ್ಟೂ, ಯಾವ ಮದುವೆಯ ಜವಾಬ್ದಾರಿಯೂ ಇಟ್ಟುಕೊಳ್ಳಬೇಡಿ. ಮೇ ಅಂದರೆ ನಮ್ಮ ಕಡೆ ಮದುವೆಗಳ ಕಾಲ, ಮನೆಯವರಿಗೆ ಫೆಬ್ರವರಿಯಲ್ಲೇ ತಿಳಿಸಿ.

18ರ ರಾತ್ರಿ ಪೇಪರ್‌ವಾರು ಅಂದಾಜು ಅಂಕವನ್ನು ಒಂದೇ ಸಲ ನೋಟ್‌ಬುಕ್‌ನಲ್ಲಿ ಬರೆದು ಮುಚ್ಚಿದೆ. ಹನ್ನೆರಡು ದಿನ ಊರಲ್ಲಿ ಏನೂ ಮಾಡಲಿಲ್ಲ, ನಿದ್ದೆ ಮಾಡಿದೆ, ಅವ್ವನ ಜೊತೆ ಹಪ್ಪಳ ಇಟ್ಟೆ. ಜೂನ್ 1ರಿಂದ ಬೆಳಿಗ್ಗೆ ಎರಡು ತಾಸು ಎಫ್‌ಆರ್ ಮಾತ್ರ. ಪಾಸಾದರೆ ನಷ್ಟವಿಲ್ಲ, ಅದರಲ್ಲಿನ ಇಂಡ್-ಎಎಸ್ (ಭಾರತದ ಲೆಕ್ಕಪತ್ರ ಮಾನದಂಡಗಳು) ಕೆಲಸಕ್ಕೆ ಬೇಕೇ ಬೇಕು. ಅದೇ ವಾರ ಒಂದು ಹಾಳೆಯಲ್ಲಿ ಬರೆದಿಟ್ಟೆ: ಮೊದಲ ಗ್ರೂಪ್ ಹೋದರೆ ಸೆಪ್ಟೆಂಬರ್‌ಗೆ ಅದೊಂದೇ, ಎರಡನೆಯದು ಹೋದರೆ ಸೆಪ್ಟೆಂಬರ್‌ಗೆ ಅದೊಂದೇ, ಎರಡೂ ಹೋದರೆ ಮುಂದಿನ ಜನವರಿಗೆ ಎರಡೂ. ಫಲಿತಾಂಶದ ರಾತ್ರಿ ತಲೆ ಸರಿ ಇರುವುದಿಲ್ಲ, ತಲೆ ಸರಿ ಇರುವಾಗಲೇ ತೀರ್ಮಾನ ಬರೆದಿಡುವುದು ಒಳ್ಳೆಯದು. ದುಡ್ಡಿನ ಲೆಕ್ಕವನ್ನೂ ಸೇರಿಸಿ. ಸ್ಟೈಪೆಂಡ್ ಮಾರ್ಚ್‌ಗೇ ನಿಂತಿತ್ತು. ಉಳಿಸಿಟ್ಟ 40,000 ರೂಪಾಯಿ ಇಲ್ಲದಿದ್ದರೆ ಜೂನ್‌ನಲ್ಲೇ ಎಲ್ಲಾದರೂ ಕೆಲಸಕ್ಕೆ ಸೇರಬೇಕಿತ್ತು.

ಜುಲೈ 6 ಭಾನುವಾರ, ಆಷಾಢ ಏಕಾದಶಿ. ಮಧ್ಯಾಹ್ನ 2ಕ್ಕೆ ರಿಸಲ್ಟ್ ಅಂತ ಹೇಳಿದ್ದರು. ಅಪ್ಪ ಉಪವಾಸ ಇದ್ದರು. ಬೆಳಿಗ್ಗೆಯಿಂದ "ಬಂತೇನವಾ?" ಅಂತ ಕೇಳುವುದು, "ಇಲ್ಲಪಾ, ಎರಡಕ್ಕ ಬರತೈತಿ" ಅಂತ ನಾನು ಹೇಳುವುದು. ರಿಜಿಸ್ಟ್ರೇಶನ್ ನಂಬರ್, ರೋಲ್ ನಂಬರ್ ಎರಡನ್ನೂ ಚೀಟಿಯಲ್ಲಿ ಬರೆದು ತಮ್ಮನ ಕೈಗೆ ಕೊಟ್ಟಿದ್ದೆ. ಎರಡು ಗಂಟೆಗೆ ಸೈಟು ತೆರೆಯುವುದೇ ನಿಧಾನ. ಒಂದೇ ಮೊಬೈಲಿನಲ್ಲಿ ಇಪ್ಪತ್ತು ಸಲ ಒತ್ತುವುದಕ್ಕಿಂತ ಹತ್ತು ನಿಮಿಷ ಬಿಟ್ಟು ನೋಡುವುದು ಲೇಸು. ಎಫ್‌ಆರ್‌ನಲ್ಲಿ 51 ಇತ್ತು. ಮೊದಲ ಗ್ರೂಪ್ 163, ಎರಡನೆಯದು 159. ತಮ್ಮ ಗಟ್ಟಿಯಾಗಿ ಓದಿದ, ಅಪ್ಪ ಮತ್ತೊಂದು ಸಲ ಓದಿಸಿದರು, ಆಮೇಲೆ ಅಂಕಗಳನ್ನು ತಾವೇ ಕೂಡಿ ನೋಡಿದರು.

ನಿಮ್ಮದು ಆ ದಿನ ಆಗದಿದ್ದರೆ, ಮೊದಲ ಮೂರು ದಿನ ಅರ್ಜಿ ತುಂಬಬೇಡಿ, ಯಾರಿಗೂ ಉತ್ತರ ಕೊಡಬೇಡಿ. ನಾಲ್ಕನೇ ದಿನ ಆ ಹಾಳೆ ತೆಗೆದು ನೋಡಿ, ಅದರಂತೆ ಅರ್ಜಿ ತುಂಬಿ. ಕೊನೆಯ ದಿನಕ್ಕೆ ಬಿಡಬೇಡಿ. ಮೇ 2025ಕ್ಕೆ ಎರಡೂ ಗ್ರೂಪಿಗೆ 3,300 ರೂಪಾಯಿ, ತಡವಾದರೆ ಇನ್ನೂ 600 ಇತ್ತು. ಅಂಕಗಳ ಪರಿಶೀಲನೆ, ಉತ್ತರಪತ್ರಿಕೆಯ ಪ್ರತಿ, ಎರಡಕ್ಕೂ ರಿಸಲ್ಟ್‌ನಿಂದ 30 ದಿನ ಅವಕಾಶ. ಪರಿಶೀಲನೆ ಅಂದರೆ ಕೂಡಿದ ಲೆಕ್ಕ ಸರಿಯೇ, ನೋಡದೆ ಬಿಟ್ಟ ಉತ್ತರ ಇದೆಯೇ ಎಂಬುದಷ್ಟೇ, ಮರುಮೌಲ್ಯಮಾಪನ ಅಲ್ಲ. ನಾನು 37 ಬಂದ ಎಫ್‌ಆರ್‌ನ ಪ್ರತಿ ತರಿಸಿಕೊಂಡೆ. ಕನ್ಸಾಲಿಡೇಶನ್ (ಕಂಪನಿ ಮತ್ತು ಅದರ ಅಂಗಸಂಸ್ಥೆಗಳ ಖಾತೆ ಒಟ್ಟುಗೂಡಿಸುವ) ಲೆಕ್ಕ ಅರ್ಧಕ್ಕೇ ನಿಂತಿತ್ತು, ಕೊನೆಯ ಎರಡು ಉತ್ತರಗಳ ಕೈಬರಹ ನನಗೇ ಓದಲು ಬರಲಿಲ್ಲ. ಜನವರಿಯಿಂದ ದಿನವೂ ಮಧ್ಯಾಹ್ನ 2ರಿಂದ 5ರ ತನಕ, ಪರೀಕ್ಷೆಯ ಹೊತ್ತಿನಲ್ಲೇ, ಗಡಿಯಾರ ಎದುರಿಗಿಟ್ಟುಕೊಂಡು ಬರೆಯಲು ಶುರುಮಾಡಿದ್ದು ಆ ಪ್ರತಿ ನೋಡಿದ ಮೇಲೆ.