ಯುರೋಪಿನ ರಾತ್ರಿ ರೈಲು: ಮಲಬಾರ್ ಎಕ್ಸ್‌ಪ್ರೆಸ್‌ನ ಅಭ್ಯಾಸ ಎಲ್ಲಿ ಕೈಕೊಡುತ್ತದೆ

ಸಂಜೆ ಕಾಸರಗೋಡಿನಲ್ಲಿ ಮಾವೇಲಿಯನ್ನೋ ಮಲಬಾರನ್ನೋ ಹತ್ತಿ ಬೆಳಗ್ಗೆ ತಿರುವನಂತಪುರದಲ್ಲಿ ಇಳಿಯುವವರಿಗೆ ರಾತ್ರಿ ರೈಲು ಹೊಸತೇನಲ್ಲ. ವಿಯೆನ್ನಾದಲ್ಲಿ ಮಲಗಿ ಹ್ಯಾಂಬರ್ಗ್‌ನಲ್ಲಿ ಏಳುವುದೂ ಅದೇ ಲೆಕ್ಕ ಅನ್ನಿಸುತ್ತದೆ. ಆದರೆ ಊರಿನ ರೂಢಿ ಅಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಯಾವ ಬರ್ತ್, ಯಾವ ಕೋಚ್ ಎಂಬುದನ್ನು ಟಿಕೆಟ್ ತೆಗೆಯುವಾಗಲೇ ಸರಿಯಾಗಿ ತೀರ್ಮಾನಿಸಬೇಕು. ಹತ್ತಿದ ಮೇಲೆ ಟಿಟಿಇ ಹತ್ತಿರ ಹೇಳಿ ಬದಲಾಯಿಸಿಕೊಳ್ಳೋಣ ಎಂದರೆ ಬಹುಪಾಲು ನಡೆಯುವುದಿಲ್ಲ.

ಈಗ ಅಲ್ಲಿ ಹೆಚ್ಚು ಓಡುವುದು ಆಸ್ಟ್ರಿಯಾದ ರೈಲ್ವೆಯಾದ ಓಬಿಬಿಯ ನೈಟ್‌ಜೆಟ್. ಜರ್ಮನಿಯ ರೈಲ್ವೆ ತನ್ನ ಮಲಗುವ ರೈಲುಗಳನ್ನು 2016ರ ಡಿಸೆಂಬರ್‌ನಲ್ಲಿ ನಿಲ್ಲಿಸಿದಾಗ ಅವುಗಳಲ್ಲಿ ಹಲವು ಮಾರ್ಗಗಳನ್ನು ಓಬಿಬಿ ವಹಿಸಿಕೊಂಡಿತು. ಸೀಮೆನ್ಸ್ ಕಟ್ಟಿದ ಹೊಸ ಮಾದರಿಯ ರೈಲು 2023ರ ಡಿಸೆಂಬರ್‌ನಿಂದ ಓಡುತ್ತಿದೆ. ಒಂದು ರೈಲಿಗೆ ಏಳು ಕೋಚ್: ಎರಡು ಕುಳಿತು ಹೋಗುವುದು, ಮೂರು ಕುಶೆಟ್, ಎರಡು ಸ್ಲೀಪರ್.

ಮೊದಲ ಎಡವು ಈ ಹೆಸರುಗಳಲ್ಲೇ ಇದೆ. ನಮ್ಮ ಸ್ಲೀಪರ್ ಎಂದರೆ ಅಗ್ಗದ ದರ್ಜೆ. ಅಲ್ಲಿ ಸ್ಲೀಪರ್ ಎಂದರೆ ಎಲ್ಲಕ್ಕಿಂತ ದುಬಾರಿ. ನಮ್ಮ ತ್ರೀ ಟಯರ್‌ಗೆ ಸಮ ಎನ್ನಬಹುದಾದದ್ದು ಕುಶೆಟ್. ಹಳಿಯ ಅಗಲ ನಮ್ಮಲ್ಲಿ 1676 ಮಿಲಿಮೀಟರ್, ಅಲ್ಲಿ 1435. ಕೋಚ್ ಕೂಡ ನಮ್ಮದಕ್ಕಿಂತ ಕಿರಿದು. ಹಾಗಾಗಿ ಸೈಡ್ ಬರ್ತ್ ಇಲ್ಲ. ಒಂದು ಬದಿಗೆ ಓಣಿ, ಇನ್ನೊಂದು ಬದಿಗೆ ಬಾಗಿಲಿರುವ ಕೋಣೆಗಳು.

ಕುಶೆಟ್ ಕೋಣೆಯಲ್ಲಿ ಹೊಸ ರೈಲಾದರೆ ನಾಲ್ಕು ಬರ್ತ್, ಹಳೆಯದಾದರೆ ನಾಲ್ಕು ಇಲ್ಲವೇ ಆರು. ಆರರದ್ದು ಅಗ್ಗ, ಆದರೆ ದೊಡ್ಡ ಸೂಟ್‌ಕೇಸ್ ಇರುವ ಮನೆಮಂದಿಗೆ ಅದು ಕಷ್ಟ. ನಾಲ್ಕು ಜನ ಇದ್ದರೆ ಇಡೀ ಕೋಣೆಯನ್ನೇ ಹಿಡಿಯುವುದು ವಾಸಿ. ದಿಂಬು, ಬಟ್ಟೆ, ಹೊದಿಕೆ ಕೊಡುತ್ತಾರೆ, ಹಾಸಿಕೊಳ್ಳುವುದು ನಾವೇ. ಗಂಡಸರು ಹೆಂಗಸರು ಒಂದೇ ಕೋಣೆಯಲ್ಲಿ ಇರುವುದು ಮಾಮೂಲು. ಒಂಟಿಯಾಗಿ ಹೋಗುವ ಹೆಂಗಸರು ಬುಕ್ ಮಾಡುವಾಗಲೇ ಮಹಿಳೆಯರ ಕೋಣೆಯನ್ನು ಆರಿಸಿಕೊಳ್ಳಬಹುದು.

ಹೊಸ ರೈಲಿನಲ್ಲಿ ಒಬ್ಬರಿಗೇ ಆಗುವ ಮಿನಿ ಕ್ಯಾಬಿನ್ ಇದೆ. ಗೂಡಿನ ಹಾಗೆ ಒಂದರ ಮೇಲೊಂದು. ಮುಚ್ಚಿಕೊಂಡರೆ ಒಳಗೆ ಹಾಸಿಗೆ, ಓದುವ ದೀಪ, ಮಡಚುವ ಮೇಜು, ಫೋನ್ ಚಾರ್ಜ್ ಮಾಡುವ ಜಾಗ. ಶೂ ಮತ್ತು ಕೈಚೀಲಕ್ಕೆ ಪಕ್ಕದಲ್ಲೇ ಬೀಗವಿರುವ ಪುಟ್ಟ ಪೆಟ್ಟಿಗೆ. ದೊಡ್ಡ ಪೆಟ್ಟಿಗೆ ಮಾತ್ರ ಹೊರಗಿನ ಲಗೇಜ್ ಜಾಗದಲ್ಲಿ ಉಳಿಯುತ್ತದೆ. ಆದ್ದರಿಂದ ಪಾಸ್‌ಪೋರ್ಟ್, ಹಣ, ಔಷಧಿ ಮೊದಲೇ ಕೈಚೀಲಕ್ಕೆ ಬರಬೇಕು. ಒಂಟಿ ಪ್ರಯಾಣಿಕರಿಗೆ ನಮ್ಮ ಮೊದಲ ಶಿಫಾರಸು ಇದೇ. ಎತ್ತರದವರಿಗೆ, ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತೆ ಆಗುವವರಿಗೆ, ಗಂಟುನೋವಿನ ಹಿರಿಯರಿಗೆ ಬೇಡ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಜಿಪುಣತನ ಮಾಡಬೇಡಿ, ಸ್ಲೀಪರ್ ತೆಗೆಯಿರಿ. ಕೋಣೆಯಲ್ಲೇ ಕೈತೊಳೆಯುವ ಬೇಸಿನ್ ಇರುತ್ತದೆ. ಹೊಸ ರೈಲಿನ ಕಂಫರ್ಟ್ ಪ್ಲಸ್‌ನಲ್ಲಿ ಸ್ವಂತ ಟಾಯ್ಲೆಟ್ಟೂ ಶವರೂ ಇದೆ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯಿತು ಎಂದು ಲೆಕ್ಕ ಹಾಕಿದರೆ ಮನಸ್ಸಿಗೂ ಸಮಾಧಾನ. ಕುಳಿತು ಹೋಗುವ ಸೀಟಿನಲ್ಲಿ ಮಾತ್ರ ರಾತ್ರಿ ಕಳೆಯಬೇಡಿ. ಅಲ್ಲಿ ಉಳಿಸಿದ ಹಣ ಮರುದಿನದ ನಿದ್ದೆಗಣ್ಣಿಗೆ ಹೋಗುತ್ತದೆ.

ಟಿಕೆಟ್ ಮತ್ತು ವೀಸಾ

ಟಿಕೆಟ್ ದರ ವಿಮಾನದ ಹಾಗೆ ಏರುತ್ತಾ ಹೋಗುತ್ತದೆ. ತತ್ಕಾಲ್ ಇಲ್ಲ, ಆರ್‌ಎಸಿ ಇಲ್ಲ, ವೇಟಿಂಗ್ ಲಿಸ್ಟ್ ಇಲ್ಲ. ಬರ್ತ್ ಇದ್ದರೆ ಇದೆ, ಮುಗಿದರೆ ಮುಗಿಯಿತು. ಅಗ್ಗದ ಸ್ಪಾರ್‌ಶೀನೆ ಟಿಕೆಟ್ ರದ್ದು ಮಾಡಿದರೆ ಹಣ ಬರುವುದಿಲ್ಲ. ವೀಸಾ ಕೈಗೆ ಬರುವ ಮೊದಲು ಟಿಕೆಟ್ ತೆಗೆಯುವುದಾದರೆ ಸ್ವಲ್ಪ ಹೆಚ್ಚು ಕೊಟ್ಟು, ರದ್ದು ಮಾಡಿದರೆ ಹಣ ವಾಪಸಾಗುವ ಟಿಕೆಟ್ಟನ್ನೇ ತೆಗೆಯಿರಿ. ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್ ಮಧ್ಯಭಾಗದಲ್ಲಿ ಬದಲಾಗುತ್ತದೆ, ಕೆಲವು ಮಾರ್ಗಗಳು ಆಗಲೇ ನಿಂತುಹೋಗುತ್ತವೆ. ಹಳೆಯ ಪ್ರವಾಸ ಕಥನ ನೋಡಿ ಯೋಜನೆ ಹಾಕಬೇಡಿ. ಯುರೋಪಿನ ಹಲವು ದೇಶಗಳ ರೈಲುಗಳಿಗೆ ಸಲ್ಲುವ ಯೂರೇಲ್ ಪಾಸ್ ಇದ್ದರೂ ಬರ್ತಿಗೆ ಬೇರೆಯೇ ಹಣ ಕೊಟ್ಟು ಕಾಯ್ದಿರಿಸಬೇಕು.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಶೆಂಗೆನ್ ವೀಸಾಕ್ಕೆ ಹೆಚ್ಚು ದಿನ ಉಳಿಯುವ ದೇಶದಲ್ಲಿ ಅರ್ಜಿ ಹಾಕಬೇಕು; ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶದಲ್ಲಿ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, 15 ದಿನಕ್ಕಿಂತ ತಡಮಾಡುವಂತೆಯೂ ಇಲ್ಲ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ, ವಿಮೆ ಕನಿಷ್ಠ 30,000 ಯೂರೋದ್ದು. ಜರ್ಮನಿಯ ಬೆಂಗಳೂರು ಕಾನ್ಸುಲೇಟ್ ಕರ್ನಾಟಕ ಮತ್ತು ಕೇರಳ ಎರಡನ್ನೂ ನೋಡಿಕೊಳ್ಳುವುದರಿಂದ ಗಡಿನಾಡಿನವರಿಗೆ ಯಾವ ಕಾನ್ಸುಲೇಟ್ ಎಂಬ ಗೊಂದಲವೊಂದಿಲ್ಲ. ರೈಲಿನಲ್ಲಿ ಕಳೆಯುವ ರಾತ್ರಿಗೆ ಹೋಟೆಲ್ ಬುಕಿಂಗ್ ಇರುವುದಿಲ್ಲವಲ್ಲ. ದಿನಚರಿಯ ಪಟ್ಟಿಯಲ್ಲಿ ಆ ತಾರೀಕಿನ ಎದುರು ರೈಲಿನ ಹೆಸರು ಬರೆದು ಬರ್ತ್ ಟಿಕೆಟ್ಟಿನ ಪ್ರತಿ ಲಗತ್ತಿಸಿ. ಖಾಲಿ ಬಿಟ್ಟರೆ ಪ್ರಶ್ನೆ ಏಳುತ್ತದೆ. ಇನ್ಷಿಯಲ್, ಮನೆತನದ ಹೆಸರು ಎಲ್ಲವೂ ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ.

ಪ್ಲಾಟ್‌ಫಾರಂನಲ್ಲಿ

ಅರ್ಧ ಗಂಟೆ ಮೊದಲೇ ಹೋಗಿ. ಪ್ಲಾಟ್‌ಫಾರಂ ಮೇಲೆ ಎ, ಬಿ, ಸಿ ಎಂಬ ಅಕ್ಷರದ ಫಲಕಗಳಿರುತ್ತವೆ. ಯಾವ ಕೋಚ್ ಯಾವ ಅಕ್ಷರದ ಎದುರು ನಿಲ್ಲುತ್ತದೆಂದು ಪರದೆಯಲ್ಲಿ ತೋರಿಸುತ್ತಾರೆ. ಕೂಲಿಯವರು ಸಿಗುವುದಿಲ್ಲ, ಬಾಗಿಲು ತಾನಾಗಿ ತೆರೆಯದಿದ್ದರೆ ಗುಂಡಿ ಒತ್ತಬೇಕು.

ಸಿಕ್ಕಿದ ಕೋಚ್ ಹತ್ತಿ ಒಳಗಿಂದೊಳಗೆ ನಡೆದುಕೊಂಡು ಹೋಗುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕಾರಿ. ಬೆಂಗಳೂರಿನ ರಾತ್ರಿ ರೈಲು ಮಂಗಳೂರಿನಲ್ಲಿ ಒಡೆದು ಅರ್ಧ ಕಾರವಾರಕ್ಕೂ ಅರ್ಧ ಕಣ್ಣೂರಿಗೂ ಹೋಗುತ್ತಿದ್ದ ಕಾಲ ಕಾಸರಗೋಡಿನವರಿಗೆ ನೆನಪಿರಬಹುದು. ಅಲ್ಲಿ ಅದು ಇವತ್ತಿಗೂ ನಡೆಯುತ್ತದೆ: ವಿಯೆನ್ನಾದಿಂದ ಬರುವ ಕೋಚುಗಳೂ ಇನ್ಸ್‌ಬ್ರುಕ್‌ನಿಂದ ಬರುವವೂ ನ್ಯೂರೆಂಬರ್ಗ್‌ನಲ್ಲಿ ಕೂಡಿ ಹ್ಯಾಂಬರ್ಗ್‌ಗೆ ಹೋಗುತ್ತವೆ, ಮರಳುವಾಗ ಅಲ್ಲೇ ಬೇರೆಯಾಗುತ್ತವೆ. ವಿಯೆನ್ನಾಕ್ಕೆ ಹೊರಟವರು ತಪ್ಪು ಕೋಚಿನಲ್ಲಿ ನಿದ್ದೆ ಹೋದರೆ ಬೆಳಗಾಗುವುದು ಆಲ್ಪ್ಸ್ ಬೆಟ್ಟಗಳ ನಡುವೆ. ಬಾಗಿಲ ಪಕ್ಕದ ಫಲಕದಲ್ಲಿ ಕೋಚ್ ನಂಬರ್ ಮತ್ತು ತಲುಪುವ ಊರು ಎರಡನ್ನೂ ಓದಿಯೇ ಹತ್ತಿ.

ಊಟ, ನೀರು, ಶೌಚ

ಊಟದ ಕೋಚ್ ನೈಟ್‌ಜೆಟ್‌ನಲ್ಲಿ ಇಲ್ಲ. ಅಟೆಂಡರ್ ಹತ್ತಿರ ಚಿಕ್ಕಪುಟ್ಟ ತಿಂಡಿ ಸಿಗುತ್ತದೆ. ಚಾಯ್ ಚಾಯ್ ಎಂದು ಕೂಗುತ್ತಾ ಯಾರೂ ಬರುವುದಿಲ್ಲ. ಕುಶೆಟ್‌ನವರಿಗೆ ಬೆಳಗ್ಗೆ ಬ್ರೆಡ್, ಜಾಮ್, ಬಿಸಿ ಪಾನೀಯ. ಸ್ಲೀಪರ್‌ನವರು ಪಟ್ಟಿಯಿಂದ ಆರು ಪದಾರ್ಥ ಆರಿಸಿ ರಾತ್ರಿಯೇ ಗುರುತು ಹಾಕಿ ಕೊಡಬೇಕು. ರಾತ್ರಿಯೂಟ ಕಟ್ಟಿಕೊಂಡೇ ಹತ್ತಿ. ಭಾನುವಾರ ಆಸ್ಟ್ರಿಯಾ, ಜರ್ಮನಿಗಳಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್ನುಗಳ ಒಳಗಿನವು ಮಾತ್ರ ತೆರೆದಿರುತ್ತವೆ.

ಊರಿಂದ ಒಯ್ಯುವುದಾದರೆ ಅವಲಕ್ಕಿ, ಚಟ್ನಿಹುಡಿ, ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ ತೊಂದರೆಯಿಲ್ಲ. ಮಾಂಸ, ಮಾಂಸದ ಪದಾರ್ಥ, ಹಾಲಿನಿಂದಾದದ್ದು ಯುರೋಪಿಯನ್ ಒಕ್ಕೂಟದೊಳಗೆ ಬಿಡುವುದಿಲ್ಲ. ತುಪ್ಪ ಮನೆಯಲ್ಲೇ ಇರಲಿ. ಹಣ್ಣು, ಹಸಿ ಎಲೆಗಳಿಗೆ ಸಸ್ಯ ಆರೋಗ್ಯ ಪತ್ರ ಬೇಕು, ಅಂದರೆ ಮಾವಿನಹಣ್ಣೂ ವೀಳ್ಯದೆಲೆಯೂ ಆಗದು. ಬಾಳೆಹಣ್ಣು, ತೆಂಗಿನಕಾಯಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ, ನಮ್ಮ ಕರಾವಳಿಯವರ ಪುಣ್ಯ.

ಬೇಸಿನ್ನಿನ ನೀರು ಕುಡಿಯಲು ಅಲ್ಲ. ಟಾಯ್ಲೆಟ್ಟಿನಲ್ಲಿ ಕಾಗದ ಮಾತ್ರ, ನೀರಿನ ಪೈಪ್ ಇಲ್ಲ. ಅರ್ಧ ಲೀಟರಿನ ಖಾಲಿ ಬಾಟಲಿಯೊಂದು ಕೈಚೀಲದಲ್ಲಿದ್ದರೆ ಸಾಕು. ಕರೆಂಟು 230 ವೋಲ್ಟ್, ನಮ್ಮದೇ. ಎರಡು ಪಿನ್ನಿನ ಫೋನ್ ಚಾರ್ಜರ್ ನೇರ ಹೋಗುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ರಾತ್ರಿ, ಬೆಳಗ್ಗೆ, ತಡವಾದರೆ

ಮಲಗುವಾಗ ಬಾಗಿಲಿಗೆ ಒಳಗಿನ ಚಿಲಕ ಹಾಕಿ. ಶೆಂಗೆನ್ ಒಳಗೆ ತಪಾಸಣೆಯೇ ಇಲ್ಲ ಎಂದು ನಂಬಿ ಪಾಸ್‌ಪೋರ್ಟನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡಿ. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು, ನಡುರಾತ್ರಿ ಪೊಲೀಸರು ಬಾಗಿಲು ತಟ್ಟಬಹುದು. ಎಬ್ಬಿಸುವ ಕೆಲಸ ಅಟೆಂಡರದ್ದು, ಆದರೂ ಫೋನಿನಲ್ಲಿ ಅಲಾರಂ ಇಡಿ. ಅಕ್ಟೋಬರ್ ಕೊನೆಯ ಭಾನುವಾರ ನಸುಕಿಗೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ; ಅಂದು ರೈಲು ಎಲ್ಲೋ ಒಂದು ಗಂಟೆ ಸುಮ್ಮನೆ ನಿಂತಿದ್ದರೆ ಗಾಬರಿಯಾಗಬೇಡಿ. ಮಾರ್ಚ್ ಕೊನೆಯ ಭಾನುವಾರ ಇದರ ತಿರುವುಮುರುವು.

ತಡವಾಗುವುದು ಅಲ್ಲೂ ಉಂಟು, ಹಳಿ ಕೆಲಸ ನಡೆಯುವ ಜರ್ಮನಿಯಲ್ಲಿ ಹೆಚ್ಚೇ. ಅದೇ ಬೆಳಗ್ಗೆ ವಿಮಾನ ಹಿಡಿಯುವ ಯೋಜನೆ ಬೇಡ. ಮುಂದಿನ ರೈಲೂ ಒಂದೇ ಟಿಕೆಟ್ಟಿನಲ್ಲಿ ಇರಲಿ. ಬೇರೆ ಬೇರೆ ತೆಗೆದರೆ ತಪ್ಪಿದ ರೈಲಿನ ಹೊಣೆ ನಿಮ್ಮದೇ. 60 ನಿಮಿಷ ತಡವಾದರೆ ಟಿಕೆಟ್ ದರದ 25 ಶೇಕಡಾ, 120 ನಿಮಿಷ ದಾಟಿದರೆ 50 ಶೇಕಡಾ ಪರಿಹಾರ ಕೇಳಬಹುದು. ಪ್ರಕೃತಿ ವಿಕೋಪದಂಥ ಕಾರಣಕ್ಕೆ ಇದು ಅನ್ವಯಿಸದು. ಕೋಚ್ ಕೆಟ್ಟು ಬರ್ತಿನ ಬದಲು ಸೀಟು ಕೊಟ್ಟರೆ ಇಳಿಯುವ ಮೊದಲೇ ಅಟೆಂಡರ್‌ನಿಂದ ಬರಹದಲ್ಲಿ ದೃಢೀಕರಣ ಪಡೆಯಿರಿ. ಅದನ್ನೂ ಟಿಕೆಟ್ಟನ್ನೂ ಸೇರಿಸಿ ಮೂರು ತಿಂಗಳೊಳಗೆ, ಟಿಕೆಟ್ ಕೊಟ್ಟ ರೈಲ್ವೆಗೇ ಅರ್ಜಿ ಹಾಕಬೇಕು.