ಡೀಸೆಲ್ ಉಳಿಸುವ ಸಾಧನ ಕೊಳ್ಳುವ ಮುನ್ನ

ನವಿ ಮುಂಬೈಯ ಕಳಂಬೋಲಿ, ವಾಶಿ ಕಡೆ ಲಾರಿ ಇಟ್ಟುಕೊಂಡಿರುವ ನಮ್ಮವರ ಗಮನಕ್ಕೆ. ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಏರುತ್ತದೆ ಎನ್ನುವವರು ಮತ್ತೆ ಸುತ್ತಾಡುತ್ತಿದ್ದಾರೆ. ಹಿಂದೊಮ್ಮೆ ನಾನೂ ಕಟ್ಟಿಸಿದ್ದೆ. ಈಗ ಅದು ಗ್ಯಾರೇಜಿನಲ್ಲಿ ಕೆಳಗೆ ಬಿದ್ದ ಸ್ಕ್ರೂ ಎತ್ತಲು ಚೆನ್ನಾಗಿ ಒದಗುತ್ತದೆ.

ಏನನ್ನೇ ಹಾಕಿಸುವುದಿದ್ದರೂ ಜೋಡಿ ಲಾರಿಯಲ್ಲಿ ಪರೀಕ್ಷಿಸಿ. ಒಂದೇ ಮಾದರಿಯ ಎರಡು ಲಾರಿ, ಅಷ್ಟೇ ತೂಕದ ಸರಕು, ಅದೇ ದಿನ, ಬೆಳಗಾವಿಗೆ ಹೋಗಿಬರುವ ಅದೇ ದಾರಿ. ಮೊದಲು ಏನೂ ಹಾಕದೆ ಮೂರು ನಾಲ್ಕು ಟ್ರಿಪ್ ಓಡಿಸಿ, ಎರಡರ ನಡುವಿನ ಮೈಲೇಜ್ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಆಮೇಲೆ ಒಂದಕ್ಕೆ ಮಾತ್ರ ಸಾಧನ ಹಾಕಿ, ಆ ವ್ಯತ್ಯಾಸ ಬದಲಾಯಿತೇ ನೋಡಿ. ಚಾಲಕರನ್ನು ಅದಲುಬದಲು ಮಾಡಬೇಡಿ. ಪುಣೆ–ಸಾತಾರಾ ನಡುವಿನ ಖಂಬಾಟ್ಕಿ ಘಾಟ್ ಹತ್ತುವಾಗ ಗೇರ್ ಬದಲಿಸುವ ಕೈಯೇ ಅರ್ಧ ಮೈಲೇಜ್. ಡೀಸೆಲ್ಲನ್ನು ಪ್ರತಿ ಸಲ ಒಂದೇ ಬಂಕಿನಲ್ಲಿ, ಲಾರಿಯನ್ನು ಸಮತಟ್ಟಾಗಿ ನಿಲ್ಲಿಸಿ, ಟ್ಯಾಂಕಿನ ಕತ್ತಿನವರೆಗೆ ತುಂಬಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಅಳೆಯಿರಿ.

ಲೆಕ್ಕವನ್ನು ಬರೀ ಕಿಲೋಮೀಟರಿಗಲ್ಲ, ಟನ್-ಕಿಲೋಮೀಟರಿಗೆ (ಸರಕಿನ ಟನ್ ತೂಕವನ್ನು ಓಡಿದ ಕಿಲೋಮೀಟರಿನಿಂದ ಗುಣಿಸಿದ್ದಕ್ಕೆ) ಹಾಕಿ. ಖಾಲಿ ಲಾರಿ ಎಷ್ಟು ಮೈಲೇಜ್ ಕೊಟ್ಟರೇನು, ಬಾಡಿಗೆ ಬರುವುದು ಸರಕಿಗೆ ತಾನೇ?

ಕ್ಯಾಬಿನ್ ಮೇಲೆ ಕೂರಿಸುವ ಗಾಳಿ ಸೀಳುವ ಹಲಗೆ ಮಾತ್ರ ಪೊಳ್ಳಲ್ಲ. ವೇಗ ಗಂಟೆಗೆ 40 ಕಿ.ಮೀ.ನಿಂದ 80ಕ್ಕೆ ಏರಿದರೆ ಗಾಳಿಯ ಎದುರೊತ್ತಡ ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿಯ ಎತ್ತರದ ಕಂಟೇನರ್ ಲಾರಿಗೆ ಹಾಕಿಸಿ. ವಾಶಿ–ಭಿವಂಡಿ ನಡುವೆ ತೆವಳುವ ಗಾಡಿಗೆ ಅದು ಬರೀ ಭಾರ.